ಗಲ್ಲಿಯ ಬಾಯಿ

"ಏ ಮುಂಡೇವಾ, ಕೈಗೇನು ಲಕ್ವ ಹೊಡೆದಿದ್ಯಾ? ಪುಕ್ಕ ಕೀಳಿ ಅಂದ್ರೆ ಮಗೂಗೆ ತಲೆ ಬಾಚೋ ಹಾಗೆ ಬಾಚ್ತಾ ಕೂತಿದ್ದೀರಲ್ಲ. ಸಂಜೆ ಲೋಡಿಗೆ ನಿಮ್ಮನ್ನೇ ಸುಲಿದು ಕಳಿಸ್ಲಾ?"

ಮೇಸ್ತ್ರಿ ಬೆಳಗಿನಿಂದ ಬೈಯುತ್ತಲೇ ಇದ್ದ. ಕೋಳಿ ಶೆಡ್ಡಿನಲ್ಲಿ ಬೈಗುಳ ಕೆಟ್ಟ ನಲ್ಲಿಯ ಹಾಗೆ, ನಿಲ್ಲುವುದೂ ಇಲ್ಲ, ಯಾರೂ ತಿರುಗಿ ನೋಡುವುದೂ ಇಲ್ಲ. ಒಂದು ತುದಿಯಲ್ಲಿ ಕತ್ತು ಕೊಯ್ಯುವ ಗಂಡಾಳುಗಳು, ಅವರಾಚೆ ಕುದಿನೀರಿನ ಹಂಡೆ, ಹಂಡೆಯಿಂದ ಎತ್ತಿ ಬಿಸಾಡಿದ ಕೋಳಿಗಳ ಸುತ್ತ ಕುಕ್ಕರುಗಾಲಲ್ಲಿ ಕೂತು ಪುಕ್ಕ ಕೀಳುವ ಹೆಂಗಸರು, ಕೊನೆಗೆ ಹೊಟ್ಟೆ ಸೀಳಿ ಕರುಳು ತೆಗೆಯುವ ಕಲ್ಲುಮೇಜು. ಮೇಜಿನ ಚಾಕುಗಳನ್ನು ಸರಪಳಿ ಹಾಕಿ ಬಿಗಿದಿದ್ದರು. ಕಳ್ಳತನ ಆಗಬಾರದೆಂದು ಬಿಗಿಸಿದ್ದೇನೆ ಎಂದು ಧಣಿ ಹೇಳುತ್ತಿದ್ದ. ಧಣಿಗೆ ಹೆದರಿಕೆ ಇರುವುದು ಕಳ್ಳತನದ್ದಲ್ಲ ಎಂದು ಹೆಂಗಸರು ತಮ್ಮತಮ್ಮಲ್ಲೇ ನಗುತ್ತಿದ್ದರು.

ಆ ಮೇಜಿನ ಮುಂದೆ ನಿಂತೇ ತಲೆ ನರೆಸಿಕೊಂಡವಳು ಕರುಳಕ್ಕ. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆಯುವಷ್ಟು ಈ ಹೆಸರು ಅಂಟಿಕೊಂಡಿತ್ತು. ಕರುಳು ಕೀಳುವವಳು ಅಂತ ಹಾಗೆ ಕರೆದವರು ಕೆಲವರು, ಕರುಳಿರುವವಳು ಅಂತ ಕರೆದವರು ಕೆಲವರು. ಗಂಡ ಸತ್ತ ಮೇಲೆ ಒಬ್ಬನೇ ಮಗನನ್ನು ಈ ಕೆಲಸದಲ್ಲೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಅವನೀಗ ಧಣಿಯ ವ್ಯಾನು ಓಡಿಸುತ್ತಿದ್ದ. ಅವನ ಹೆಂಡತಿ ಪುಕ್ಕದ ಸಾಲಿನಲ್ಲಿ ಕೂರುತ್ತಿದ್ದಳು. ಮಾತು ಕಡಿಮೆಯ ಹುಡುಗಿ, ಕೈ ಮಾತ್ರ ಚುರುಕು.

ಮೇಸ್ತ್ರಿ ಅವಳ ಬೆನ್ನ ಹಿಂದೆ ಬಂದು ನಿಂತ. "ಏಯ್, ಡ್ರೈವರ್ ಹೆಂಡ್ತಿ. ಏಳು. ಐಸ್ ರೂಮಲ್ಲಿ ಟ್ರೇ ಜೋಡಿಸ್ಬೇಕು."

ಟ್ರೇ ಜೋಡಿಸಲು ಶೆಡ್ಡಿನಲ್ಲಿ ಗಂಡಾಳುಗಳಿಗೆ ಬರವಿರಲಿಲ್ಲ. ಆದರೂ ಆಗಾಗ ಒಬ್ಬೊಬ್ಬ ಹೆಂಗಸಿಗೆ ಆ ಕರೆ ಬರುತ್ತಿತ್ತು. ಹೋದವಳು ಸ್ವಲ್ಪ ಹೊತ್ತಿಗೆ ಬಂದು ತನ್ನ ಜಾಗದಲ್ಲಿ ಕೂತು ಪುಕ್ಕಕ್ಕೆ ಕೈ ಹಾಕುತ್ತಿದ್ದಳು. ಚಳಿಯಾಯ್ತೇನೇ ಎಂದು ಪಕ್ಕದವಳು ಕೇಳುತ್ತಿದ್ದಳು. ಹೂಂ, ಚಳಿ ಎಂದು ಇವಳು ಹೇಳುತ್ತಿದ್ದಳು. ಆ ಎರಡು ಮಾತಿನಲ್ಲಿ ಎಲ್ಲವನ್ನೂ ಹೂತುಬಿಡುವುದು ಶೆಡ್ಡಿನಲ್ಲಿ ಎಲ್ಲರೂ ಕಲಿತ ವಿದ್ಯೆ.

ಕರುಳಕ್ಕ ಮೇಜಿನಿಂದಲೇ ಹೇಳಿದಳು, "ಅವಳಿಗೆ ಮೈ ಹುಷಾರಿಲ್ಲ ಮೇಸ್ತ್ರಿ. ನಾನು ಬಂದು ಜೋಡಿಸ್ತೀನಿ."

"ಮುದಿ ಕೋಳಿ ಯಾರಿಗೆ ಬೇಕು? ಬೇಯೋದೂ ಇಲ್ಲ, ಅಗಿಯೋಕೂ ಬರಲ್ಲ" ಅಂದ ಮೇಸ್ತ್ರಿ. ಕತ್ತು ಕೊಯ್ಯುವವರು ನಕ್ಕರು. ಸೊಸೆ ಎದ್ದು ಹೋದಳು.

ಹೋಗಿ ತುಸು ಹೊತ್ತಾಗಿತ್ತು. ಐಸ್ ರೂಮಿನೊಳಗಿಂದ ಬಂದ ಕೂಗು ಹೆಂಗಸಿನದಲ್ಲ. ಮೇಸ್ತ್ರಿ ಬಲಗೈಯನ್ನು ಎಡಗೈಯಲ್ಲಿ ಅವಚಿಕೊಂಡು ಹೊರಗೆ ಬಂದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಹಿಂದೆಯೇ ಬಂದವಳ ಅಂಗಿ ಭುಜದ ಬಳಿ ಹರಿದಿತ್ತು, ಒಂದು ಕೆನ್ನೆ ಆಗಲೇ ಬಾತಿತ್ತು. ಅವಳು ನೆಲಕ್ಕೆ ಉಗುಳಿದಳು. ಉಗುಳು ಕೆಂಪಗಿತ್ತು. ಅವಳದೋ ಅವನದೋ ತಿಳಿಯಲಿಲ್ಲ.

ಮೇಸ್ತ್ರಿ ಕರುಳಿನ ಬಕೆಟ್ಟು ಎತ್ತಿ ಅವಳ ತಲೆಯ ಮೇಲೆ ಸುರಿದ. ನೀಲಿ, ಹಳದಿ, ಹಸಿರು ಕರುಳುಗಳು ಕೂದಲಿಗೆ ಸುತ್ತಿಕೊಂಡು, ಹುಬ್ಬಿನ ಮೇಲಿಂದ ಜಾರಿ, ಅಂಗಿಯೊಳಗೆ ಇಳಿದವು. ಪಿತ್ತದ ಚೀಲವೊಂದು ಅವಳ ತುಟಿಯ ಮೇಲೆ ಒಡೆಯಿತು. ಕರುಳಕ್ಕ ಕೈಯಲ್ಲಿದ್ದ ಚಾಕು ಹಿಡಿದೇ ನುಗ್ಗಿದಳು. ಸರಪಳಿ ಬಿಗಿದು ತೋಳನ್ನು ಹಿಂದಕ್ಕೆ ಜಗ್ಗಿತು. ಚಾಕು ಬಿಸಾಡಿ ಓಡಿ ಹೋಗಿ ಸೊಸೆಯ ಮುಖ ಒರೆಸತೊಡಗಿದಳು. ಅವಳ ಕೈಯೂ ಅದೇ ಗಲೀಜಿನ ಕೈ. ಒರೆಸಿದಷ್ಟೂ ಮೆತ್ತಿಕೊಳ್ಳುತ್ತಿತ್ತು.

"ನೆಲ ಹೊಲಸಾಯ್ತು. ತೊಳೀರೇ ಲೌಡೇರಾ" ಎಂದು ಮೇಸ್ತ್ರಿ ಕೈ ತೊಳೆಯಲು ಹೋದ. ಹೆಂಗಸರು ಎದ್ದು ನೆಲ ತೊಳೆದರು.

ಅತ್ತೆ ಸೊಸೆ ಇಬ್ಬರೂ ಅದೇ ಮೈಯಲ್ಲಿ ಪೊಲೀಸ್ ಠಾಣೆಗೆ ಹೋದರು. ತೊಳೆದುಕೊಂಡು ಹೋದರೆ ನಂಬುವುದಿಲ್ಲ ಎಂದು ಕರುಳಕ್ಕ ಅಂದುಕೊಂಡಿದ್ದಳು. ಅಲ್ಲಿ ಅವರನ್ನು ಗೇಟಿನಿಂದ ಒಳಗೇ ಬಿಡಲಿಲ್ಲ. ಇನ್ಸ್‌ಪೆಕ್ಟರು ಮೂಗು ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತು, ಎಲ್ಲಿ ಮುಟ್ಟಿದ, ಬಟ್ಟೆಯ ಮೇಲೋ ಒಳಗೋ, ಎಷ್ಟು ಹೊತ್ತು ಎಂದೆಲ್ಲ ಬಿಡಿಸಿ ಬಿಡಿಸಿ ಕೇಳಿದ. ಗೇಟಿನ ಕಾವಲಿನವನು ಕಿವಿ ನಿಮಿರಿಸಿ ಕೇಳಿಸಿಕೊಂಡ. ಕೊನೆಗೆ ಇನ್ಸ್‌ಪೆಕ್ಟರು, ಕಚ್ಚಿದವಳು ನೀನು ತಾನೇ, ಹಾಗಾದರೆ ಕೇಸು ಕೊಡಬೇಕಾದವನು ಅವನು ಎಂದು ಹೇಳಿ ಒಳಗೆ ಹೋದ. ಇವರು ನಡೆದು ಗಲ್ಲಿ ಸೇರುವ ಹೊತ್ತಿಗೆ ಸುದ್ದಿ ಧಣಿಯ ಮನೆಗೆ ಮುಟ್ಟಿಯಾಗಿತ್ತು.

ಧಣಿ ಸಿಟ್ಟಾಗಲಿಲ್ಲ. ಅವನು ಓದಿದವನು. ಆ ವಾರವೇ ಶೆಡ್ಡಿಗೆ ಸುಗಂಧದ ನೀರು ಹೊಡೆಸಿ, ಬಾಗಿಲಿಗೆ ಬ್ಯಾನರು ಕಟ್ಟಿಸಿ, ಮಹಿಳೆಯರ ಮೇಲಿನ ದೌರ್ಜನ್ಯ ತಡೆಯಲು ಜಾಗೃತಿ ಕಾರ್ಯಕ್ರಮ ಇಡಿಸಿದ. ದೊಡ್ಡ ಆಫೀಸಿನಿಂದ ಮೇಡಮ್ಮೊಬ್ಬರು ಬಂದರು. ಕಾರಿನಿಂದ ಇಳಿಯುವಾಗ ಮೂಗಿಗೆ ಹಿಡಿದ ಕರ್ಚೀಫನ್ನು ಭಾಷಣ ಮಾಡುವಾಗ ಮಾತ್ರ ತೆಗೆದರು. ಸಮುದಾಯ ಎಚ್ಚೆತ್ತುಕೊಳ್ಳಬೇಕು, ಮೌನ ಮುರಿಯಬೇಕು ಅಂದರು. ಅದಕ್ಕಾಗಿಯೇ ಒಂದು ಸಮಿತಿ ಆಗಿದೆ ಅಂದರು. ಸಮಿತಿಯ ಅಧ್ಯಕ್ಷರಿಗೆ ಧಣಿ ಕೈಯಾರೆ ಬ್ಯಾಡ್ಜು ಚುಚ್ಚಿದ. ಅಧ್ಯಕ್ಷ ಎಂದರೆ ಮೇಸ್ತ್ರಿ. ಕೈಗೇನಾಯ್ತು ಎಂದು ಮೇಡಮ್ಮು ಅವನ ಬ್ಯಾಂಡೇಜು ನೋಡಿ ಕನಿಕರದಿಂದ ಕೇಳಿದರು. ನಾಯಿ ಕಚ್ಚಿತು ಎಂದ. ಕತ್ತು ಕೊಯ್ಯುವವರು ನಕ್ಕರು. ಮುಂದಿನ ಸಾಲಿನಲ್ಲಿ ಕೂರಿಸಿದ್ದ ಸೊಸೆ ತನ್ನ ಉಗುರಿನ ಸಂದಿಯ ಕೊಳೆ ನೋಡುತ್ತ ಕೂತಿದ್ದಳು.

ಕರುಳಕ್ಕ ಎದ್ದು ನಿಂತಳು. "ಅಮ್ಮಾ, ನಾವು ಮೌನ ಮುರಿದಾಯ್ತು. ಮುಖಾನೂ ಮುರಿಸ್ಕೊಂಡಾಯ್ತು. ಯಾರು ಹೊಡೆದ್ರು ಅಂತ ಕೇಳಿ, ನಿಮ್ಮ ಪಕ್ಕದಲ್ಲೇ ಕೂತಿದ್ದಾನೆ."

ಮೇಡಮ್ಮು ಧಣಿಯ ಮುಖ ನೋಡಿದರು. ಧಣಿ ಛಾವಣಿ ನೋಡಿದ. ಇದು ಸ್ವಂತ ವಿಷಯ ಮಾತಾಡುವ ಜಾಗವಲ್ಲ, ಎಲ್ಲದಕ್ಕೂ ಒಂದು ಕ್ರಮ ಇರುತ್ತದೆ, ದೂರು ಇದ್ದರೆ ಸಮಿತಿಯ ಅಧ್ಯಕ್ಷರಿಗೆ ಕೊಡಿ ಎಂದು ಮೇಡಮ್ಮು ಬಹಳ ಮೃದುವಾಗಿ ಹೇಳಿದರು. ಆಮೇಲೆ ಎಲ್ಲರಿಂದ ಮುಷ್ಟಿ ಎತ್ತಿಸಿ ಫೋಟೋ ತೆಗೆಸಿದರು. ಬಿಸ್ಕತ್ತು ಹಂಚಿದರು. ಕಾರು ಹೋಯಿತು, ಹಂಡೆಗೆ ಮತ್ತೆ ಬೆಂಕಿ ಬಿತ್ತು.

ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ ಧಣಿಯೇ ಕಟ್ಟಿಸಿಕೊಟ್ಟ ಒಂಟಿ ಕೋಣೆಗಳ ಎರಡು ಸಾಲು. ಇಲ್ಲಿ ಕೆಮ್ಮಿದರೆ ಆಚೆಮನೆಯವಳು ನೀರು ಕೊಡಬೇಕಾ ಎಂದು ಕೇಳುವಷ್ಟು ತೆಳು ಗೋಡೆ. ಏಟು ಬಿದ್ದರೆ ಮಾತ್ರ ಆ ಗೋಡೆ ಕೋಟೆಯಷ್ಟು ದಪ್ಪವಾಗುತ್ತಿತ್ತು. ಕೂಲಿ ಮಾಡುವ ಡೋಲು ಎಂಬವನು ತನ್ನ ಹೆಂಡತಿಯನ್ನು ದಿನಾ ಬಡಿಯುತ್ತಿದ್ದ. ಹೊಟ್ಟೆ ನೋಡಿ ಅವನಿಗೆ ಡೋಲು ಎಂದು ಹೆಸರಿಟ್ಟಿದ್ದರು. ಹೆಸರು ಅವನಿಗೆ, ಬಡಿತ ಅವಳಿಗೆ ಎಂದು ಗಲ್ಲಿ ನಗುತ್ತಿತ್ತು. ಅವರ ಪಕ್ಕದ ಕೋಣೆಯ ಮುದುಕಿಗೆ ಕಿವುಡಜ್ಜಿ ಎಂದು ಹೆಸರು. ಅವಳು ಕಿವುಡಿಯಾಗುತ್ತಿದ್ದುದು ಡೋಲು ಮನೆಗೆ ಬಂದ ಮೇಲೆಯೇ.

ಕಾರ್ಯಕ್ರಮದ ಮರುದಿನ ನಲ್ಲಿಯ ಹತ್ತಿರ ಕರುಳಕ್ಕ ಮಾತು ತೆಗೆದಳು. ಕುರಿ ಕಾಯೋಕೆ ತೋಳನ್ನ ಇಟ್ಟಿದ್ದಾರೆ, ಇನ್ನು ಯಾರೋ ಬರ್ತಾರೆ ಅಂತ ಕಾಯೋದು ಬೇಡ ಅಂದಳು. ಅವಳು ಕೇಳಿದ್ದು ಹೆಚ್ಚೇನಲ್ಲ. ಕೂಗು ಕೇಳಿದರೆ ಎದ್ದು ಹೋಗಬೇಕು. ಯಾರ ಬಾಗಿಲು ಅಂತ ಕೇಳಬಾರದು. ಶೆಡ್ಡಿನಲ್ಲಿ ಮೇಸ್ತ್ರಿ ಒಬ್ಬಳನ್ನು ಕರೆದರೆ ಸಾಲಿಗೆ ಸಾಲೇ ಏಳಬೇಕು.

ಹೆಂಗಸರು ಕೊಡ ತುಂಬಿಸುವುದರಲ್ಲೇ ಮುಳುಗಿದರು. ಇವತ್ತು ಅವಳ ಗಂಡನ್ನ ತಡೀತೀವಿ, ನಾಳೆ ಅವನು ನಮ್ಮ ಗಂಡನ್ನ ಎತ್ತಿಕಟ್ತಾನೆ ಎಂದಳು ಒಬ್ಬಳು. ಸಂಸಾರದ ಮಾತು ಬೀದಿಗೆ ಯಾಕೆ ಎಂದಳು ಇನ್ನೊಬ್ಬಳು. ಡೋಲಿನ ಹೆಂಡತಿ, ಹುಬ್ಬಿನ ಮೇಲೆ ಹಳೇ ಗಾಯ, ಕುತ್ತಿಗೆಯಲ್ಲಿ ಹೊಸ ಗಾಯ, ಅವಳೂ ತಲೆಯಾಡಿಸಿದಳು.

"ಕುಡಿದಾಗ ಮಾತ್ರ ಕಣಕ್ಕ. ಬಾಕಿ ಹೊತ್ತು ನನ್ನ ಗಂಡ ಚಿನ್ನ."

"ಚಿನ್ನ ಆದ್ರೆ ಒಯ್ದು ಅಡ ಇಡೇ. ಮನೇಲಿ ಇಟ್ಕೊಂಡು ಯಾಕೆ ಸವೆಸ್ಕೋತೀಯ" ಎಂದಿತು ಒಂದು ದನಿ. ಕಿವುಡಜ್ಜಿ ಮಾತಾಡಿದ್ದಳು. ಕೊಡ ಹಿಡಿದಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತ ಡೋಲಿನ ಹೆಂಡತಿ ಅತ್ತುಬಿಟ್ಟಳು. ಅಲ್ಲಿಗೆ ಮಾತು ಗಟ್ಟಿಯಾಯಿತು.

ಡೋಲಿನ ಮನೆಗೇ ಮೊದಲು ಹೋದರು. ಅವನು ಬೆಲ್ಟು ಎತ್ತಿದ್ದ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ಕೂತರು. ಶೆಡ್ಡಿನಲ್ಲಿ ಹಂಡೆ ಕಾಯಿಸುವ ಮುದುಕನೂ ಬಂದು ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದ. ಗಂಡಸರ ಪೈಕಿ ಬಂದವನು ಅವನೊಬ್ಬನೇ. ಏನು ಬೇಕು ಎಂದು ಡೋಲು ಕೇಳಿದ. ಏನೂ ಬೇಡ, ನೀನು ಹೊಡಿ, ನಾವು ನೋಡ್ತೀವಿ ಎಂದರು. ಬೆಲ್ಟು ಎತ್ತಿದ ಕೈ ಹಾಗೇ ಸ್ವಲ್ಪ ಹೊತ್ತು ಮೇಲಿತ್ತು. ಆಮೇಲೆ ಜಾರುತ್ತಿದ್ದ ಪ್ಯಾಂಟನ್ನು ಹಿಡಿದುಕೊಳ್ಳಲು ಕೆಳಗೆ ಬಂತು.

ಶೆಡ್ಡಿನಲ್ಲೂ ಮೇಸ್ತ್ರಿ ಒಬ್ಬಳ ಕಡೆ ಬೆರಳು ತೋರಿಸಿದರೆ ಪುಕ್ಕದ ಸಾಲಿಗೆ ಸಾಲೇ ಏಳುತ್ತಿತ್ತು. ಟ್ರೇ ಭಾರ ಇರುತ್ತೆ ಮೇಸ್ತ್ರಿ, ಎಲ್ಲ ಸೇರಿ ಜೋಡಿಸ್ತೀವಿ ಎನ್ನುತ್ತಿದ್ದರು. ಅವನ ಬಾಯಿಂದ ಬರಬಾರದ್ದೆಲ್ಲ ಬಂತು. ಹೆಂಗಸರ ಕಕ್ಕಸಿಗೆ ಬೀಗ ಜಡಿದ. ಅವರು ಪುಕ್ಕದ ರಾಶಿಯ ಹಿಂದೆ, ಒಬ್ಬರಿಗೊಬ್ಬರು ಬಟ್ಟೆ ಅಡ್ಡ ಹಿಡಿದು ಕೂತರು. ಕತ್ತು ಕೊಯ್ಯುವವರು ಶಿಳ್ಳೆ ಹಾಕಿದರು. ಆ ರಾಶಿಯ ನಾತ ಬಿಸಿಲೇರಿದಂತೆ ಹಂಡೆಯ ತನಕ ಹರಡಿತು. ಆದರೂ ಐಸ್ ರೂಮಿಗೆ ಒಂಟಿಯಾಗಿ ಯಾರೂ ಹೋಗಲಿಲ್ಲ.

ಹೆಂಗಸರ ಹತ್ತಿರ ಆಟ ನಡೆಯದಿದ್ದಾಗ ಮೇಸ್ತ್ರಿ ಗಂಡಸರ ಕಡೆ ತಿರುಗಿದ. ವ್ಯಾನಿಗೆ ಲೋಡು ತುಂಬುವಾಗ ಎಲ್ಲರಿಗೂ ಕೇಳುವ ಹಾಗೆ ಕರುಳಕ್ಕನ ಮಗನನ್ನು ಕೆಣಕಿದ. ಕಚ್ಚೋಕೆ ಮುಂಚೆ ಏನೇನು ಕೊಟ್ಟಳು ಅಂತ ನಿನ್ನ ಹೆಂಡ್ತೀನ ಕೇಳೋ, ನಾನು ಹೇಳಿದ್ರೆ ಚೆನ್ನಾಗಿರಲ್ಲ ಎಂದ. ಸುತ್ತ ನಿಂತವರು ಹಲ್ಲು ಕಿರಿದರು. ಮಗನೂ ನಕ್ಕ. ಕೆಲಸ ಕೊಟ್ಟವನ ಮುಂದೆ ನಗದೆ ಇನ್ನೇನು ಮಾಡುತ್ತಾನೆ. ನಕ್ಕದ್ದನ್ನೆಲ್ಲ ಹೊತ್ತುಕೊಂಡು ಸಂಜೆ ಮನೆಗೆ ಬಂದ.

ಕರುಳಕ್ಕ ಒಲೆಯ ಮುಂದಿದ್ದಳು. ಮಗ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಜುಟ್ಟು ಹಿಡಿದು ಗೋಡೆಗೆ ತಲೆ ಜಜ್ಜಿದ. ಐಸ್ ರೂಮಲ್ಲಿ ಎಷ್ಟು ಹೊತ್ತು ಇದ್ದೆ ಹೇಳೇ ಸೂಳೆ, ಹೇಳು ಎನ್ನುತ್ತಿದ್ದ. ಪೊಲೀಸಿನವನು ಗೇಟಿನಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಮಗನ ಬಾಯಲ್ಲಿ ಕೇಳಿ ಕರುಳಕ್ಕ ಕೈಯ ಸೌಟು ಬಿಸಾಡಿ ಎದ್ದಳು. ಹೋಗಿ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ. ಅವಳು ಪಾತ್ರೆಗಳ ಮೇಲೆ ಬಿದ್ದಳು.

"ನಡುವೆ ಬರಬೇಡವ್ವ. ಊರನ್ನ ರಿಪೇರಿ ಮಾಡೋಕೆ ಹೊರಟು ನನ್ನ ಮಾನ ತೆಗೆದಿದ್ದು ನೀನೇ."

ಸೊಸೆ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಏಟು ತಿನ್ನುತ್ತಿದ್ದಳು. ಹೊರಗೆ ಹೆಜ್ಜೆ ಸಪ್ಪಳವಾಯಿತು. ಬಿದ್ದಲ್ಲಿಂದಲೇ ಕರುಳಕ್ಕನಿಗೆ ಬಾಗಿಲ ಅಡಿಯ ಸಂದಿಯಲ್ಲಿ ಪಾದಗಳು ಕಂಡವು. ಬಿರುಕು ಬಿಟ್ಟ ಹಿಮ್ಮಡಿಗಳು, ಪುಕ್ಕ ಅಂಟಿದ ಬೆರಳುಗಳು. ಬಂದವರು ಬಾಗಿಲು ತಳ್ಳಲಿಲ್ಲ. ಕರುಳಕ್ಕನ ಮನೆ ಕಣೇ, ಅವಳೇ ಇದ್ದಾಳಲ್ಲ, ನೋಡ್ಕೋತಾಳೆ ಎಂದು ಪಿಸುಗುಟ್ಟುವುದು ಕೇಳಿಸಿತು. ಮರ್ಯಾದೆ ಕೊಡುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹೊರಗೆ ನಿಂತವರು ಅಂದುಕೊಂಡಿರಬೇಕು. ಪಾದವೊಂದು ಆಗಲೇ ಹಿಂದಕ್ಕೆ ಸರಿಯುತ್ತಿತ್ತು.

ಕರುಳಕ್ಕ ಬಾಯಿ ತೆರೆದು ಕೂಗಿದಳು. ಈ ಮಗನನ್ನು ಹೆರುವಾಗಲೂ ಅವಳು ಹಾಗೆ ಕೂಗಿರಲಿಲ್ಲ. ಮಗನ ಕೈ ನಿಂತಿತು. ಬಾಗಿಲು ಗೋಡೆಗೆ ಬಡಿಯಿತು, ಕೋಣೆ ತುಂಬಿ ಹೋಯಿತು. ಏನ್ಮಾಡೋಣ ಕರುಳಕ್ಕ ಎಂದು ಡೋಲಿನ ಹೆಂಡತಿ ಕೇಳಿದಳು. ಕರುಳಕ್ಕ ಎದ್ದು ನಿಂತು ಮಗನಿಗೆ ಬಾಗಿಲು ತೋರಿಸಿದಳು.

"ನಾನು ನಿನ್ನ ಮಗ ಕಣವ್ವ."

"ಅದಕ್ಕೇ ಬಾಯಲ್ಲಿ ಹೇಳ್ತಿದ್ದೀನಿ. ಬೇರೆಯವಳ ಮಗ ಆಗಿದ್ರೆ ಆ ಕೈ ಮುರಿದು ಹೇಳ್ತಿದ್ದೆ."

ಅವನು ಹೋದ. ಕೋಳಿಯ ಹಿಕ್ಕೆ ಮೆತ್ತಿದ ಖಾಲಿ ಪಂಜರಗಳ ನಡುವೆ ವ್ಯಾನಿನಲ್ಲೇ ಮಲಗುತ್ತಿದ್ದಾನೆಂದು ಹಂಡೆಯ ಮುದುಕ ಬಂದು ಹೇಳಿದ. ಕರುಳಕ್ಕ ಸೊಸೆಯ ತಲೆಗೆ ಬಟ್ಟೆ ಕಟ್ಟಿ ಮಲಗಿಸಿದಳು. ಅವನು ಉಂಡನೋ ಇಲ್ಲವೋ ಎಂದು ಅವಳ ಹೊಟ್ಟೆ ಕೇಳುತ್ತಲೇ ಇತ್ತು. ಆ ಹೊಟ್ಟೆಯ ಮೇಲೇ ಅವಳಿಗೆ ಹೇಸಿಗೆ ಹುಟ್ಟಿತು.

ಶೆಡ್ಡಿಗೆ ರಜೆಯ ದಿನ ಮಧ್ಯಾಹ್ನ ಮೇಸ್ತ್ರಿ ಗಲ್ಲಿಗೆ ಬಂದ. ಅಂಗಿಗೆ ಅಧ್ಯಕ್ಷನ ಬ್ಯಾಡ್ಜು, ಹಿಂದೆ ತಲೆ ತಗ್ಗಿಸಿದ ಕರುಳಕ್ಕನ ಮಗ. ನಾಲ್ಕು ದಿನದ ಗಡ್ಡ, ಮೈಯೆಲ್ಲ ಪಂಜರದ ನಾತ. ಮನೆ ಒಡೆಯೋದು ಸಮಿತಿಯ ಕೆಲಸ ಅಲ್ಲ, ಕೂಡಿಸೋದು ಸಮಿತಿಯ ಕೆಲಸ ಎಂದು ಮೇಸ್ತ್ರಿ ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನೀನು ಮುದುಕಿ ನಡುವೆ ಕಡ್ಡಿ ಆಡಿಸಬೇಡ ಎಂದ. ಧಣಿ ಹೇಳಿ ಕಳಿಸಿದ್ದಾರೆ, ಇವತ್ತು ಇವನನ್ನ ಒಳಗೆ ಸೇರಿಸಿಕೊಳ್ಳದಿದ್ದರೆ ನಾಳೆ ಕೋಣೆ ಖಾಲಿ ಮಾಡಬೇಕು ಎಂದೂ ಹೇಳಿದ.

ಅವನು ಮಾತಾಡುತ್ತಿದ್ದಷ್ಟು ಹೊತ್ತೂ ಬಾಗಿಲುಗಳು ತೆರೆಯುತ್ತಿದ್ದವು. ಆ ಗಲ್ಲಿಯ ಒಂದು ಕೊನೆ ಶೆಡ್ಡಿನ ಹಿಂಗೋಡೆ. ಇರುವುದು ಒಂದೇ ದಾರಿ. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಗಲ್ಲಿಯ ಬಾಯಲ್ಲಿ ಕಾಲು ಚಾಚಿ ಕೂತರು. ಕಿವುಡಜ್ಜಿಯನ್ನು ಇಬ್ಬರು ಎತ್ತಿ ತಂದು ಕೂರಿಸಿದರು. ಮೇಸ್ತ್ರಿ ತಿರುಗಿ ನೋಡಿದಾಗ ಕಾಲಿಡಲು ನೆಲ ಇರಲಿಲ್ಲ.

"ದಾರಿ ಬಿಡ್ರೇ ಹಾದರಗಿತ್ತೀರಾ."

ಯಾರೂ ಅಲುಗಲಿಲ್ಲ. ಆಗ ಸೊಸೆ ಹೊಸ್ತಿಲು ದಾಟಿ ಬಂದಳು. ತಲೆಗೆ ಕಟ್ಟಿದ ಬಟ್ಟೆಯ ಅಂಚಿನಲ್ಲಿ ರಕ್ತ ಕಪ್ಪಾಗಿ ಒಣಗಿತ್ತು. ಇಷ್ಟು ಜನದ ಮುಂದೆ ಅವಳ ದನಿಯನ್ನು ಗಲ್ಲಿ ಕೇಳಿದ್ದು ಅದೇ ಮೊದಲು.

"ಐಸ್ ರೂಮಲ್ಲಿ ನನಗೆ ಏನು ಮಾಡ್ದೆ ಅಂತ ಇಲ್ಲಿ ಹೇಳು. ನನಗೆ ಮುಂಚೆ ಯಾರ್ಯಾರಿಗೆ ಏನೇನು ಮಾಡ್ದೆ ಅಂತಾನೂ ಹೇಳು. ಹೇಳಿ ಹೋಗು. ನಿನ್ನ ಮೈ ಯಾರೂ ಮುಟ್ಟಲ್ಲ. ನಮಗೆ ಅಸಹ್ಯ."

ಆಮೇಲೆ ಗಂಡನ ಕಡೆ ತಿರುಗಿದಳು. "ನೀನೂ ಅಷ್ಟೇ. ಗೋಡೆಗೆ ಜಜ್ಜಿದ್ದು ಯಾಕೆ ಅಂತ ಹೇಳಿ ಹೋಗು."

ಮೇಸ್ತ್ರಿ ಬೈದ, ಹೆದರಿಸಿದ, ಕೊನೆಗೆ ನಕ್ಕ. ಬಿಸಿಲು ನೆತ್ತಿ ಸುಡತೊಡಗಿತು. ಕುಡಿಯಲು ನೀರು ಕೇಳಿದ. ಯಾರೂ ಕೊಡಲಿಲ್ಲ. ಬೆವರಿಗೆ ಬ್ಯಾಡ್ಜಿನ ಬಣ್ಣ ಅಂಗಿಗೆ ಇಳಿಯಿತು. ಒಂದಕ್ಕೆ ಹೋಗಬೇಕು ಎಂದ. ಇಲ್ಲೇ ಕೂತ್ಕೋ, ನಾವು ಕೂತಿರಲಿಲ್ವಾ, ಬೇಕಾದ್ರೆ ಬಟ್ಟೆ ಅಡ್ಡ ಹಿಡೀತೀವಿ ಎಂದಳು ಡೋಲಿನ ಹೆಂಡತಿ. ಅವನು ಗೋಡೆಯ ಕಡೆ ತಿರುಗಿ ನಿಂತು ಫೋನು ತೆಗೆದು, ಧಣಿಗೋ ಠಾಣೆಗೋ, ಹಲ್ಲು ಕಚ್ಚಿ ಮಾತಾಡಿದ.

ಜೀಪು ಬಂದು ಗಲ್ಲಿಯ ಬಾಯಲ್ಲಿ ನಿಂತಿತು. ಕೋಲು ಹಿಡಿದವರು ಧಡಧಡ ಇಳಿದರು. ಯಾರನ್ನು ಹಿಡಿಯಲು ಬಂದಿದ್ದಾರೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸೊಸೆ ಹೋಗಿ ಜೀಪಿಗೆ ಎಲ್ಲರಿಗಿಂತ ಹತ್ತಿರ, ಮೊದಲ ಸಾಲಿನಲ್ಲಿ ಕೂತಳು. ಕರುಳಕ್ಕ ಅವಳ ಪಕ್ಕದಲ್ಲಿ ಕೂತಳು. ಹಂಡೆಯ ಮುದುಕ ಬೀಡಿ ಆರಿಸಿ, ಎರಡನೆಯ ಸಾಲಿನಲ್ಲಿ ಜಾಗ ಮಾಡಿಕೊಂಡ.

ಮಗ ಹೆಂಗಸರ ಕಾಲುಗಳ ನಡುವೆ ಹೇಗೋ ದಾಟಿಕೊಂಡು ತಾಯಿಯ ಬೆನ್ನ ಹಿಂದೆ ಬಂದು ನಿಂತ. ಅವನ ಮುಂದೆ ಉಳಿದದ್ದು ಅವಳ ಕಾಲುಗಳು ಮಾತ್ರ.

"ಅವ್ವಾ, ಪೊಲೀಸ್ನೋರು ಹೊಡೀತಾರೆ. ಕಾಲು ತೆಗಿ. ನಾನಾದ್ರೂ ಹೋಗ್ತೀನಿ."

"ಹೇಳಿ ಹೋಗು."

ಅವನು ಹಿಂತಿರುಗಿ ಮೇಸ್ತ್ರಿಯನ್ನು ನೋಡಿದ. ಮುಂದೆ ಕೋಲುಗಳನ್ನು ನೋಡಿದ. ಹೆಂಡತಿಯ ತಲೆಯ ಬಟ್ಟೆಯನ್ನು ನೋಡಿದ. ಬಾಯಿ ತೆರೆದ. ಮತ್ತೊಮ್ಮೆ ಮೇಸ್ತ್ರಿಯ ಕಡೆ ನೋಡಿ ಮುಚ್ಚಿಕೊಂಡ.

ಇನ್ಸ್‌ಪೆಕ್ಟರು ಕರ್ಚೀಫು ಮೂಗಿಗೆ ಹಿಡಿದು, ಮೊದಲು ಆ ಮುದುಕಿಯನ್ನು ಎಳೆದು ಹಾಕಿ ಎಂದ. ಇಬ್ಬರು ಕಂಕುಳಿಗೆ ಕೈ ಹಾಕಲು ಬಗ್ಗಿದರು. ಕರುಳಕ್ಕ ಸೊಸೆಯ ತೋಳಿಗೆ ತೋಳು ಹೆಣೆದು, ಕಾಲುಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು.